ಒಂದು ಆರ್ಡರು, ಐದು ಒಲೆ: ರೆಸ್ಟೋರೆಂಟಿನ ಪಿಒಎಸ್ ತಂತ್ರಾಂಶವನ್ನು ಅಳೆಯುವುದು ಹೇಗೆ?

ನಮ್ಮವರು ಅಮೆರಿಕದಲ್ಲಿ ಒಂದು ಹೋಟೆಲು ತೆರೆಯಬೇಕಾದರೆ ಜಾಗದ ಬಾಡಿಗೆ, ಹೊಗೆ ಎಳೆಯುವ ಹುಡ್, ರುಬ್ಬುವ ಯಂತ್ರ, ಅಡುಗೆಭಟ್ಟರು ಎಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ಆದರೆ ಆರ್ಡರನ್ನೂ ಹಣವನ್ನೂ ಹೊತ್ತು ಓಡಾಡುವ ಪಿಒಎಸ್ ತಂತ್ರಾಂಶವನ್ನು, ಅಂದರೆ ಬಿಲ್ಲಿಂಗ್ ವ್ಯವಸ್ಥೆಯನ್ನು, ಒಂದು ಮಧ್ಯಾಹ್ನದ ಡೆಮೋ ನೋಡಿ ಒಪ್ಪಿಕೊಳ್ಳುತ್ತಾರೆ. ಆಮೇಲೆ ಮೂರು ವರ್ಷದ ಕರಾರಿಗೆ ಸಹಿ ಬೀಳುತ್ತದೆ. ಹೆಂಚು ಕೆಟ್ಟರೆ ದೋಸೆ ಮಾತ್ರ ನಿಲ್ಲುತ್ತದೆ. ಈ ವ್ಯವಸ್ಥೆ ಕೆಟ್ಟರೆ ಇಡೀ ಅಂಗಡಿ ನಿಲ್ಲುತ್ತದೆ.

ವೃತ್ತಿಯಿಂದ ನಾನು ಕಂಪ್ಯೂಟರ್ ನೆಟ್‌ವರ್ಕ್ ಕೆಲಸದವನು. ಪರಿಚಯದ ಒಂದು ಕುಟುಂಬ ತಮ್ಮ ಉಳಿತಾಯವನ್ನೆಲ್ಲ ಹಾಕಿ ದಕ್ಷಿಣ ಭಾರತೀಯ ಉಪಾಹಾರ ಗೃಹ ತೆರೆಯುವಾಗ ಮೂರು ತಂತ್ರಾಂಶಗಳನ್ನು ಹೋಲಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಆಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳಲು ಪ್ರಯತ್ನಿಸಿದ್ದೇನೆ. ಯಾವ ಕಂಪನಿಯದನ್ನು ಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಯಾವುದನ್ನು ಕೊಳ್ಳುವ ಮೊದಲೂ ಏನನ್ನು ಕೇಳಬೇಕು, ಏನನ್ನು ಕೈಯಾರೆ ಪರೀಕ್ಷಿಸಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಗಲ್ಲಾಪೆಟ್ಟಿಗೆಯಿಂದ ನೆಟ್‌ವರ್ಕಿನವರೆಗೆ

ಕ್ಯಾಷ್ ರಿಜಿಸ್ಟರ್ ಹುಟ್ಟಿದ್ದು ಇದೇ ದೇಶದಲ್ಲಿ. ಒಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಪಾನಗೃಹ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ 1879ರಲ್ಲಿ ತನ್ನ ಸಹೋದರನೊಂದಿಗೆ ಅದಕ್ಕೆ ಪೇಟೆಂಟ್ ಪಡೆದ. ಕೆಲಸಗಾರರು ಗಲ್ಲದಿಂದ ಕಾಸು ಎಗರಿಸದಂತೆ ತಡೆಯುವುದೇ ಅವನ ಉದ್ದೇಶವಾಗಿತ್ತು. ಮುಂದೆ ಅದೇ ಯಂತ್ರದ ಸುತ್ತ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಬೆಳೆಯಿತು. ಸುಮಾರು ನೂರು ವರ್ಷಗಳ ನಂತರ, 1986ರಲ್ಲಿ, ಜೀನ್ ಮೋಷರ್ ಎಂಬ ಅಮೆರಿಕನ್ ರೆಸ್ಟೋರೆಂಟ್ ಉದ್ಯಮಿ ಅಟಾರಿ ಕಂಪ್ಯೂಟರಿನ ಮೇಲೆ ಬಣ್ಣದ ಸ್ಪರ್ಶಪರದೆಯ ಬಿಲ್ಲಿಂಗ್ ತಂತ್ರಾಂಶವನ್ನು ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ತೋರಿಸಿದ. ಇಂದಿನ ಟ್ಯಾಬ್ಲೆಟ್‌ಗಳ ಬಟನ್ನುಗಳೆಲ್ಲ ಅದೇ ವಂಶದವು.

ಈ ಎರಡು ಘಟನೆಗಳ ನಡುವೆ ಪ್ರಶ್ನೆಯೇ ಬದಲಾಯಿತು. ರಿಟ್ಟಿಯ ಯಂತ್ರ ಒಂದೇ ಕಡೆ ಕೂತು ಹಣ ಎಣಿಸುತ್ತಿತ್ತು. ಇಂದಿನ ವ್ಯವಸ್ಥೆ ಒಂದೇ ಮಾತನ್ನು ಹಲವು ಕಡೆ, ತಪ್ಪಿಲ್ಲದೆ, ಒಂದೇ ಒಂದು ಸಲ ತಲುಪಿಸಬೇಕು. ಬೆಂಗಳೂರಿನ ದರ್ಶಿನಿಗಳಲ್ಲಿ ಈ ಕೆಲಸವನ್ನು ಗಿರಾಕಿಯೇ ಮಾಡುತ್ತಾನೆ. ಕ್ಯಾಷ್ ಕೌಂಟರಿನಲ್ಲಿ ಚೀಟಿ ಪಡೆದು ದೋಸೆಯ ಕಿಟಕಿಗೆ ತಾನೇ ಒಯ್ಯುತ್ತಾನೆ, ಕಾಫಿಯ ಕಿಟಕಿಗೆ ಇನ್ನೊಂದು ಚೀಟಿ ಕೊಡುತ್ತಾನೆ. ಚೀಟಿ ಕಳೆದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಮೇಜಿನ ಸೇವೆಯ ಹೋಟೆಲಿನಲ್ಲಿ ಚೀಟಿಯನ್ನು ನೆಟ್‌ವರ್ಕ್ ಒಯ್ಯುತ್ತದೆ. ಅಲ್ಲಿ ಚೀಟಿ ಕಳೆದರೆ ಇಪ್ಪತ್ತು ನಿಮಿಷ ಕಾದ ಗಿರಾಕಿ ಕೈ ಎತ್ತಿದ ಮೇಲೆಯೇ ಗೊತ್ತಾಗುವುದು.

ಮೊದಲ ಪ್ರಶ್ನೆ: ಸತ್ಯ ಎಲ್ಲಿ ಇರುತ್ತದೆ?

ಐದು ಸ್ಟೇಷನ್ನುಗಳ ಹೋಟೆಲೊಂದನ್ನು ಊಹಿಸಿಕೊಳ್ಳಿ: ದೋಸೆಯ ಹೆಂಚು, ವಡೆ-ಬೋಂಡದ ಬಾಣಲೆ, ಇಡ್ಲಿ-ಊಟದ ವಿಭಾಗ, ಕಾಫಿ, ಪಾರ್ಸೆಲ್. ಜೊತೆಗೆ ಆರ್ಡರ್ ತೆಗೆದುಕೊಳ್ಳುವ ನಾಲ್ಕು ಟ್ಯಾಬ್ಲೆಟ್, ಒಂದು ಕ್ಯಾಷ್ ಕೌಂಟರ್. ಏಳನೇ ಮೇಜಿನವರು ಏನೇನು ತಿಂದಿದ್ದಾರೆ ಎಂಬ ಅಧಿಕೃತ ಲೆಕ್ಕ ಇವುಗಳಲ್ಲಿ ಎಲ್ಲಿದೆ?

ಇದಕ್ಕೆ ಮೂರು ಬಗೆಯ ಉತ್ತರಗಳಿವೆ. ಹಳೆಯ ಮಾದರಿಯಲ್ಲಿ ಅಂಗಡಿಯೊಳಗೇ ಒಂದು ಸರ್ವರ್ ಇರುತ್ತದೆ. ಎಲ್ಲ ಯಂತ್ರಗಳೂ ಅದನ್ನೇ ಕೇಳುತ್ತವೆ. ಇಂಟರ್ನೆಟ್ ಹೋದರೂ ಅಡುಗೆಮನೆ ನಡೆಯುತ್ತದೆ, ಆದರೆ ಆ ಸರ್ವರ್ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಎರಡನೆಯದು ಪೂರ್ತಿ ಕ್ಲೌಡ್ ಮಾದರಿ. ಇಲ್ಲಿ ಲೆಕ್ಕವೆಲ್ಲ ದೂರದ ಡೇಟಾ ಸೆಂಟರಿನಲ್ಲಿರುತ್ತದೆ. ಮನೆಯಲ್ಲೇ ಕೂತು ವ್ಯಾಪಾರ ನೋಡಬಹುದು, ನಿರ್ವಹಣೆಯ ತಲೆನೋವಿಲ್ಲ. ಆದರೆ ಟ್ಯಾಬ್ಲೆಟ್‌ನಿಂದ ಹತ್ತು ಅಡಿ ದೂರದ ಪ್ರಿಂಟರಿಗೆ ಹೋಗಬೇಕಾದ ದೋಸೆಯ ಆರ್ಡರು ನೂರಾರು ಮೈಲಿ ಸುತ್ತಿ ಬರಬಹುದು. ಮೂರನೆಯದು ಮಿಶ್ರ ಮಾದರಿ. ಪ್ರತಿ ಯಂತ್ರದಲ್ಲೂ ಒಂದು ಪ್ರತಿ ಇರುತ್ತದೆ, ಅವು ಅಂಗಡಿಯೊಳಗೆ ಪರಸ್ಪರ ಮಾತಾಡಿಕೊಳ್ಳುತ್ತವೆ, ಸಮಯ ಸಿಕ್ಕಾಗ ಕ್ಲೌಡಿಗೆ ತಿಳಿಸುತ್ತವೆ.

ಮಾರಾಟಗಾರರೆಲ್ಲರೂ "ನಮ್ಮದು ಆಫ್‌ಲೈನಿನಲ್ಲೂ ನಡೆಯುತ್ತದೆ" ಎನ್ನುತ್ತಾರೆ. ಈ ಒಂದು ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಅರ್ಥಗಳಿವೆ, ಒಂದೊಂದನ್ನೂ ಬಿಡಿಸಿ ಕೇಳಬೇಕು. ಇಂಟರ್ನೆಟ್ ಇಲ್ಲದಾಗ ಹೊಸ ಆರ್ಡರ್ ತೆಗೆದುಕೊಳ್ಳಬಹುದೆ? ಅದು ಅಡುಗೆಮನೆಗೆ ತಲುಪುತ್ತದೆಯೆ? ಒಂದು ಟ್ಯಾಬ್ಲೆಟ್‌ನಲ್ಲಿ ತೆರೆದ ಮೇಜನ್ನು ಇನ್ನೊಂದರಲ್ಲಿ ನೋಡಬಹುದೆ? ಕಾರ್ಡಿನ ಹಣ ಪಡೆಯಬಹುದೆ? ನಾವು ನೋಡಿದ ಮೂರರಲ್ಲಿ ಒಂದು ತಂತ್ರಾಂಶ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಸೈ ಎನಿಸಿಕೊಂಡಿತು, ನಡುವಿನ ಎರಡರಲ್ಲಿ ಸೋತಿತು. ಅಂದರೆ ಆರ್ಡರ್ ಬರೆದುಕೊಳ್ಳುತ್ತಿತ್ತು, ಹಣ ಪಡೆಯುತ್ತಿತ್ತು, ಅಡುಗೆಯವರಿಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಅದರ ಮಾಹಿತಿಪತ್ರದಲ್ಲಿ "ಆಫ್‌ಲೈನ್" ಎಂಬ ಸಾಲಿನ ಮುಂದೆ ಹಸಿರು ಗುರುತೇ ಇತ್ತು.

ಆಫ್‌ಲೈನಿನಲ್ಲಿ ಕಾರ್ಡ್ ಪಡೆಯುವುದಕ್ಕೂ ಒಂದು ಬೆಲೆಯಿದೆ. ಆಗ ಯಂತ್ರ ಬ್ಯಾಂಕನ್ನು ಕೇಳುವುದಿಲ್ಲ. ಮಾಹಿತಿಯನ್ನು ಇಟ್ಟುಕೊಂಡು ಸಂಪರ್ಕ ಬಂದ ಮೇಲೆ ಕಳಿಸುತ್ತದೆ. ಆಗ ಬ್ಯಾಂಕು ಒಪ್ಪದಿದ್ದರೆ ಗಿರಾಕಿ ಮನೆ ಸೇರಿರುತ್ತಾನೆ, ನಷ್ಟ ಅಂಗಡಿಯದು. ಆದ್ದರಿಂದ ಆಫ್‌ಲೈನ್ ವ್ಯವಹಾರಕ್ಕೆ ಮೊತ್ತದ ಮಿತಿ ಇಡಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯ ಪ್ರಶ್ನೆ: ಇಬ್ಬರು ಒಂದೇ ಮೇಜನ್ನು ಮುಟ್ಟಿದರೆ?

ಏಳನೇ ಮೇಜಿಗೆ ಒಬ್ಬ ಮಾಣಿ ಎರಡು ಕಾಫಿ ಸೇರಿಸುತ್ತಿದ್ದಾನೆ. ಅದೇ ಕ್ಷಣ ಇನ್ನೊಬ್ಬಳು ಅದೇ ಮೇಜಿಗೆ ಒಂದು ಕೇಸರಿಬಾತ್ ಸೇರಿಸುತ್ತಾಳೆ. ತಂತ್ರಾಂಶ ಏನು ಮಾಡಬೇಕು?

ಕೆಲವು ವ್ಯವಸ್ಥೆಗಳು ಮೇಜಿಗೆ ಬೀಗ ಹಾಕುತ್ತವೆ. ಮೊದಲನೆಯವನು ಮುಗಿಸುವವರೆಗೆ ಎರಡನೆಯವಳು ಕಾಯಬೇಕು. ಇದು ಸುರಕ್ಷಿತ, ಆದರೆ ಮೊದಲನೆಯವನು ಟ್ಯಾಬ್ಲೆಟ್ ಜೇಬಿಗಿಟ್ಟುಕೊಂಡು ಹಿತ್ತಿಲಿಗೆ ಹೋದರೆ ಮೇಜು ಬೀಗದಲ್ಲೇ ಉಳಿಯುತ್ತದೆ. ಆ ಬೀಗ ಎಷ್ಟು ಹೊತ್ತಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಕೇಳಬೇಕು. ಇನ್ನು ಕೆಲವು, ಕೊನೆಯಲ್ಲಿ ಬಂದದ್ದನ್ನೇ ಉಳಿಸಿಕೊಂಡು ಮೊದಲಿನದನ್ನು ಅಳಿಸುತ್ತವೆ. ಇದು ಅಪಾಯ: ಕಾಫಿ ಗಿರಾಕಿಯ ಹೊಟ್ಟೆ ಸೇರಿರುತ್ತದೆ, ಬಿಲ್ಲಿನಲ್ಲಿ ಇರುವುದಿಲ್ಲ. ಚೆನ್ನಾಗಿ ಕಟ್ಟಿದ ವ್ಯವಸ್ಥೆಗಳು ಪ್ರತಿಯೊಂದು ಸೇರ್ಪಡೆಯನ್ನೂ ಪ್ರತ್ಯೇಕ ದಾಖಲೆಯಾಗಿ ಬರೆದು ಎಲ್ಲವನ್ನೂ ಕೂಡಿಸುತ್ತವೆ. ಹೊಸದು ಹಳೆಯದನ್ನು ಅಳಿಸುವ ಪ್ರಶ್ನೆಯೇ ಬರುವುದಿಲ್ಲ.

ಇದರ ಜೊತೆಗೇ ಬರುವುದು ಬಿಲ್ಲಿನ ಸಂಖ್ಯೆ. ಸಂಪರ್ಕ ತಪ್ಪಿದಾಗ ಎರಡು ಟ್ಯಾಬ್ಲೆಟ್‌ಗಳೂ ತಮ್ಮ ಮುಂದಿನ ಬಿಲ್ಲಿಗೆ 143 ಎಂದೇ ಹೆಸರಿಟ್ಟರೆ ಪಾರ್ಸೆಲ್ ಕೌಂಟರಿನಲ್ಲಿ ಇಬ್ಬರು ಗಿರಾಕಿಗಳು ಒಂದೇ ಪೊಟ್ಟಣಕ್ಕೆ ಕೈ ಚಾಚುತ್ತಾರೆ. ಪ್ರತಿ ಯಂತ್ರಕ್ಕೂ ಬೇರೆ ಪೂರ್ವಾಕ್ಷರ ಕೊಡುವ ವ್ಯವಸ್ಥೆ ಇದ್ದರೆ ಈ ತೊಂದರೆಯಿಲ್ಲ.

ಮೂರನೆಯ ಪ್ರಶ್ನೆ: ಚೀಟಿ ತಲುಪಿತೆಂದು ಗೊತ್ತಾಗುವುದು ಹೇಗೆ?

ಸಂದೇಶ ಕಳಿಸುವುದು ಸುಲಭ. ತಲುಪಿತೆಂದು ಖಚಿತಪಡಿಸಿಕೊಳ್ಳುವುದು ಕಷ್ಟ. ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎನ್ನಿ. ಒಳ್ಳೆಯ ವ್ಯವಸ್ಥೆ ಆರ್ಡರ್ ಕಳಿಸಿದವನ ಪರದೆಯ ಮೇಲೆ ಎಚ್ಚರಿಕೆ ತೋರಿಸಿ, ಕೆಲ ಸೆಕೆಂಡುಗಳ ನಂತರ ಅದೇ ಚೀಟಿಯನ್ನು ಪಕ್ಕದ ಸ್ಟೇಷನ್ನಿನ ಪ್ರಿಂಟರಿಗೆ ಕಳಿಸುತ್ತದೆ. ಕಳಪೆ ವ್ಯವಸ್ಥೆ "ಕಳಿಸಲಾಗಿದೆ" ಎಂದು ತೋರಿಸಿ ಸುಮ್ಮನಾಗುತ್ತದೆ. ಇದರ ತಿರುಗುಮುರುಗೂ ಆಗಬಹುದು. ಉತ್ತರ ಬರಲು ತಡವಾಯಿತೆಂದು ಎರಡನೇ ಸಲ ಕಳಿಸಿದರೆ ಎರಡು ಮಸಾಲೆ ದೋಸೆಯ ಬದಲು ನಾಲ್ಕು ಬರುತ್ತವೆ. ಮರುಕಳಿಸಿದ ಚೀಟಿಗೆ ಹಳೆಯ ಗುರುತು ಸಂಖ್ಯೆಯೇ ಇದ್ದು, ಅದು "ಮರುಮುದ್ರಣ" ಎಂದು ಎದ್ದುಕಾಣುವಂತೆ ಹೇಳಬೇಕು.

ಪ್ರಿಂಟರಿನ ಜಾತಿಯೂ ಮುಖ್ಯ. ಬಿಲ್ಲಿಗೆ ಬಳಸುವ ಥರ್ಮಲ್ ಪ್ರಿಂಟರಿನ ಕಾಗದ ಶಾಖಕ್ಕೆ ಕಪ್ಪಾಗುವಂಥದ್ದು. ಕಪ್ಪಾಗುವುದರಿಂದಲೇ ಅಕ್ಷರ ಮೂಡುತ್ತದೆ. ಹೆಂಚಿನ ಪಕ್ಕ ಸಿಕ್ಕಿಸಿದ ಚೀಟಿ ಪೂರ್ತಿ ಕಪ್ಪಾದರೆ ಓದುವವರಾರು? ಹಾಗಾಗಿ ಬಿಸಿ ಅಡುಗೆಮನೆಯಲ್ಲಿ ಶಾಯಿಪಟ್ಟಿಯ ಇಂಪ್ಯಾಕ್ಟ್ ಪ್ರಿಂಟರುಗಳು ಇನ್ನೂ ಉಳಿದುಕೊಂಡಿವೆ. ಅವು ಸದ್ದು ಮಾಡುತ್ತವೆ, ಆ ಸದ್ದೇ ಹೊಸ ಆರ್ಡರ್ ಬಂದ ಸೂಚನೆ. ಪರದೆಗಳನ್ನು ಬಳಸುವುದಾದರೆ, ತಯಾರಾದ ತಿಂಡಿಯನ್ನು ಒತ್ತಿ ತೆಗೆಯಲು ಬೆರಳಿನ ಬದಲು ಗಟ್ಟಿ ಗುಂಡಿಗಳ ಪಟ್ಟಿ ಸಿಗುತ್ತದೆಯೇ ಎಂದು ನೋಡಿ. ಹಿಟ್ಟಿನ ಕೈಗೆ ಸ್ಪರ್ಶಪರದೆ ಹೊಂದುವುದಿಲ್ಲ.

ಭಾಷೆಯ ವಿಷಯ ಒಂದಿದೆ. ಇಲ್ಲಿನ ಅನೇಕ ಭಾರತೀಯ ಅಡುಗೆಮನೆಗಳಲ್ಲಿ ನಮ್ಮವರ ಜೊತೆ ಸ್ಪ್ಯಾನಿಷ್ ಮಾತಾಡುವವರೂ ದುಡಿಯುತ್ತಾರೆ. ಗಿರಾಕಿಯ ಬಿಲ್ಲಿನಲ್ಲಿ ಒಂದು ಹೆಸರು, ಅಡುಗೆಮನೆಯ ಚೀಟಿಯಲ್ಲಿ ಇನ್ನೊಂದು ಹೆಸರು ಇಡಲು ಬರಬೇಕು. ಕನ್ನಡದಲ್ಲೇ ಚೀಟಿ ಬೇಕೆನ್ನುವವರು, ಬಹುತೇಕ ಬಿಲ್ ಪ್ರಿಂಟರುಗಳ ಒಳಗೆ ಕನ್ನಡ ಅಕ್ಷರಗಳು ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ತಂತ್ರಾಂಶ ಚೀಟಿಯನ್ನು ಚಿತ್ರವಾಗಿ ಕಳಿಸಬಲ್ಲದಾದರೆ ಕನ್ನಡ ಬರುತ್ತದೆ. ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಜೀವಕ್ಕೆ ಸಂಬಂಧಿಸಿದ ಒಂದು ಸಾಲು

ಇಡೀ ಪರೀಕ್ಷೆಯಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡದ ಒಂದು ಅಂಶವಿದೆ: ಅಲರ್ಜಿ. ಅಮೆರಿಕದ ಆಹಾರ ಕಾನೂನು ಪ್ರಮುಖ ಅಲರ್ಜಿಕಾರಕಗಳೆಂದು ಒಂಬತ್ತನ್ನು ಹೆಸರಿಸುತ್ತದೆ: ಹಾಲು, ಮೊಟ್ಟೆ, ಮೀನು, ಚಿಪ್ಪಿನ ಜಲಚರಗಳು, ಗೋಡಂಬಿ-ಬಾದಾಮಿಯಂಥ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಮತ್ತು 2023ರ ಜನವರಿ 1ರಿಂದ ಎಳ್ಳು. ಈ ಪಟ್ಟಿ ಪೊಟ್ಟಣ ಕಟ್ಟಿದ ಆಹಾರದ ಲೇಬಲ್ಲಿಗಾಗಿ ಬಂದದ್ದು. ಆದರೂ ಹೋಟೆಲಿಗೆ ಬರುವ ಗಿರಾಕಿ ಕೇಳುವುದು ಇವನ್ನೇ.

ನಮ್ಮ ಅಡುಗೆಯಲ್ಲಿ ಇವು ಎಲ್ಲೆಲ್ಲೋ ಅಡಗಿರುತ್ತವೆ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಅಕ್ಕಿ-ಉದ್ದಿನ ಇಡ್ಲಿಯಲ್ಲಿ ಗೋಧಿ ಇಲ್ಲ, ಪಕ್ಕದ ಸಾಂಬಾರಿನಲ್ಲಿ ಇಂಗಿನ ಮೂಲಕ ಬಂದಿರಬಹುದು. ಚಟ್ನಿಪುಡಿಯಲ್ಲಿ ಎಳ್ಳಿರಬಹುದು, ಪೊಂಗಲಿನಲ್ಲಿ ಗೋಡಂಬಿ. "ಇಡ್ಲಿ, ಗೋಧಿ ಅಲರ್ಜಿ" ಎಂದು ಮಾಣಿ ಒತ್ತಿದಾಗ ಆ ಮಾತು ಇಡ್ಲಿಯ ಸ್ಟೇಷನ್ನಿಗೆ ಮಾತ್ರ ಹೋಗಿ ಸಾಂಬಾರ್ ಬಡಿಸುವವರಿಗೆ ಹೋಗದಿದ್ದರೆ ಆ ವ್ಯವಸ್ಥೆ ಸೋತಂತೆ. ಟಿಪ್ಪಣಿಯಲ್ಲಿ ಕೈಬರಹದಂತೆ ಬರೆಯುವ ಸೌಲಭ್ಯ ಸಾಲದು. ಅಲರ್ಜಿ ಎಂಬುದು ಮೇಜಿಗೆ ಅಥವಾ ಕುರ್ಚಿಗೆ ಅಂಟಿದ ಗುರುತಾಗಿ, ಆ ಆರ್ಡರಿನ ಎಲ್ಲ ಚೀಟಿಗಳ ಮೇಲೂ ಎದ್ದುಕಾಣುವಂತೆ ಬರಬೇಕು. ಈರುಳ್ಳಿ-ಬೆಳ್ಳುಳ್ಳಿ ಬೇಡವೆನ್ನುವವರ ಆರ್ಡರಿಗೂ ಇದೇ ದಾರಿ ಅನುಕೂಲ.

ತಂತಿ, ಗಾಳಿ ಮತ್ತು ಕಾರ್ಡು

ಅಡುಗೆಮನೆ ವೈಫೈಗೆ ಒಳ್ಳೆಯ ಜಾಗವಲ್ಲ. ಸ್ಟೀಲಿನ ಕಪಾಟುಗಳೂ ಕೋಲ್ಡ್ ರೂಮಿನ ಗೋಡೆಗಳೂ ರೇಡಿಯೋ ಅಲೆಯನ್ನು ತಡೆಯುತ್ತವೆ. ಮೈಕ್ರೋವೇವ್ ಒಲೆ 2.4 ಗಿಗಾಹರ್ಟ್ಸ್ ಸುತ್ತಲೇ ಕೆಲಸ ಮಾಡುವುದರಿಂದ ಅದೇ ಪಟ್ಟಿಯ ವೈಫೈಗೆ ಅಡ್ಡಿಯಾಗುತ್ತದೆ. ಆದ್ದರಿಂದ ಜಾಗ ಬಿಟ್ಟು ಕದಲದ ಯಂತ್ರಕ್ಕೆಲ್ಲ ತಂತಿ ಎಳೆಸಿ. ಕೈಯಲ್ಲಿ ಹಿಡಿದು ಓಡಾಡುವ ಟ್ಯಾಬ್ಲೆಟ್‌ಗೆ ಮಾತ್ರ ವೈಫೈ ಇರಲಿ. ಗೋಡೆ ಮುಚ್ಚುವ ಮೊದಲೇ ಎಳೆಸಿದರೆ ಖರ್ಚು ಕಡಿಮೆ. ಪ್ರಿಂಟರುಗಳಿಗೆ ಬದಲಾಗದ ಐಪಿ ವಿಳಾಸ ಕೊಡಿಸಿ. ರೂಟರ್ ಒಮ್ಮೆ ಆರಿ ಹತ್ತಿದಾಗ ವಿಳಾಸ ಬದಲಾಗಿ, "ನಿನ್ನೆ ಚೆನ್ನಾಗಿತ್ತು, ಇವತ್ತು ಪ್ರಿಂಟ್ ಬರುತ್ತಿಲ್ಲ" ಎಂಬ ದೂರು ಹುಟ್ಟುವುದು ಬಹಳ ಸಾಮಾನ್ಯ. ರೂಟರಿಗೂ ಸ್ವಿಚ್ಚಿಗೂ ಒಂದು ಸಣ್ಣ ಯುಪಿಎಸ್ ಇದ್ದರೆ ಕ್ಷಣಕಾಲದ ವಿದ್ಯುತ್ ಕಡಿತ ಯಾರಿಗೂ ಗೊತ್ತಾಗುವುದಿಲ್ಲ.

ಗಿರಾಕಿಗಳಿಗೆ ಕೊಡುವ ಉಚಿತ ವೈಫೈ ಮತ್ತು ಹಣದ ಯಂತ್ರಗಳ ನೆಟ್‌ವರ್ಕ್ ಬೇರೆಬೇರೆಯೇ ಆಗಿರಬೇಕು. ಕಾರ್ಡ್ ಪಡೆಯುವ ಪ್ರತಿ ಅಂಗಡಿಗೂ ಪಿಸಿಐ ಡಿಎಸ್ಎಸ್ ಎಂಬ ಸುರಕ್ಷತಾ ನಿಯಮಗಳು ಅನ್ವಯಿಸುತ್ತವೆ. ಅದರ ನಾಲ್ಕನೆಯ ಆವೃತ್ತಿಯ ಹೊಸ ಅಗತ್ಯಗಳು 2025ರ ಮಾರ್ಚ್ 31ರಿಂದ ಕಡ್ಡಾಯವಾಗಿವೆ. ಕಾರ್ಡಿನ ಸಂಖ್ಯೆ ಓದುವ ಯಂತ್ರದಲ್ಲೇ ಗೂಢಲಿಪಿಯಾಗಿ, ಟ್ಯಾಬ್ಲೆಟ್‌ಗೆ ತಿಳಿಯದಂತೆ ನೇರ ಬ್ಯಾಂಕಿನ ಕಡೆ ಹೋಗುವ ವ್ಯವಸ್ಥೆಯಿದ್ದರೆ ನಿಮ್ಮ ಹೊರೆ ಬಹಳ ಇಳಿಯುತ್ತದೆ. 2015ರ ಅಕ್ಟೋಬರಿನಿಂದ ಈ ದೇಶದಲ್ಲಿ, ಚಿಪ್ ಇರುವ ಕಾರ್ಡನ್ನು ಚಿಪ್ ಓದದ ಯಂತ್ರದಲ್ಲಿ ಉಜ್ಜಿ ನಕಲಿ ವ್ಯವಹಾರವಾದರೆ ನಷ್ಟ ಸಾಮಾನ್ಯವಾಗಿ ವ್ಯಾಪಾರಿಯ ತಲೆಗೇ ಬರುತ್ತದೆ. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಇದನ್ನು ಮರೆಯಬಾರದು.

ಬೆಲೆಯನ್ನು ಕೂಡಿಸುವ ರೀತಿ

"ಯಂತ್ರಗಳು ಉಚಿತ" ಎಂಬ ಮಾತು ಬಂದಾಗ ಕಾಗದ-ಪೆನ್ನು ತೆಗೆಯಿರಿ. ಒಂದು ಕಲ್ಪಿತ ಲೆಕ್ಕ ನೋಡೋಣ. ವರ್ಷಕ್ಕೆ 8,00,000 ಡಾಲರ್ ಕಾರ್ಡಿನ ವ್ಯಾಪಾರ, ಸರಾಸರಿ ಬಿಲ್ಲು 32 ಡಾಲರ್. ಅಂದರೆ 25,000 ಬಿಲ್ಲುಗಳು. ಮೊದಲನೆಯ ಕಂಪನಿ ಶೇಕಡಾ 2.5 ಮತ್ತು ಪ್ರತಿ ಬಿಲ್ಲಿಗೆ 10 ಸೆಂಟ್ ಕೇಳುತ್ತದೆ: 20,000 ಮತ್ತು 2,500, ಒಟ್ಟು 22,500 ಡಾಲರ್. ಎರಡನೆಯದು ಯಂತ್ರಗಳನ್ನು ಉಚಿತವಾಗಿ ಕೊಟ್ಟು ಶೇಕಡಾ 2.9 ಮತ್ತು 15 ಸೆಂಟ್ ಕೇಳುತ್ತದೆ: 23,200 ಮತ್ತು 3,750, ಒಟ್ಟು 26,950. ವರ್ಷಕ್ಕೆ 4,450 ಡಾಲರ್ ವ್ಯತ್ಯಾಸ, ಮೂರು ವರ್ಷಕ್ಕೆ 13,350. ಉಚಿತ ಯಂತ್ರಗಳ ಬೆಲೆ 6,000 ಡಾಲರ್ ಎಂದಿಟ್ಟುಕೊಂಡರೂ ನೀವು 7,350 ಡಾಲರ್ ಹೆಚ್ಚು ಕೊಟ್ಟಂತಾಯಿತು.

ಇದಕ್ಕೆ ತಿಂಗಳ ಬಾಡಿಗೆ, ಪ್ರತಿ ಪರದೆಗೆ ಹೆಚ್ಚುವರಿ ಶುಲ್ಕ, ಆನ್‌ಲೈನ್ ಆರ್ಡರಿನ ಶುಲ್ಕಗಳನ್ನು ಸೇರಿಸಿ. ಕರಾರು ಮಧ್ಯದಲ್ಲಿ ಮುರಿದರೆ ದಂಡವೆಷ್ಟು, ಆ ಯಂತ್ರಗಳನ್ನು ಬೇರೆ ಕಂಪನಿಯ ಜೊತೆ ಬಳಸಬಹುದೆ, ನಿಮ್ಮ ಮೆನು, ಮಾರಾಟ ಮತ್ತು ಗಿರಾಕಿಗಳ ದಾಖಲೆ ಸಾಮಾನ್ಯ ಕಡತವಾಗಿ ಕೈಗೆ ಸಿಗುತ್ತದೆಯೆ ಎಂಬುದನ್ನು ಸಹಿಗೆ ಮುಂಚೆ ಬರಹದಲ್ಲಿ ಪಡೆಯಿರಿ. ಒಳಬರುವ ಬಾಗಿಲಿನಷ್ಟೇ ಹೊರಹೋಗುವ ಬಾಗಿಲನ್ನೂ ನೋಡಿಕೊಳ್ಳಬೇಕು.

ಎರಡು ಗಂಟೆಯ ಪರೀಕ್ಷೆ

ಮಾರಾಟಗಾರರ ಡೆಮೋದಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತದೆ. ಕೆಡಿಸಿ ನೋಡುವುದೇ ಪರೀಕ್ಷೆ. ಎರಡು ಟ್ಯಾಬ್ಲೆಟ್, ಎರಡು ಪ್ರಿಂಟರ್, ಒಂದು ಕಾರ್ಡ್ ಯಂತ್ರವನ್ನು ತರಿಸಿಕೊಂಡು ನಾವು ಮಾಡಿದ್ದು ಇಷ್ಟು:

1. ಆರ್ಡರಿನ ನಡುವೆ ಇಂಟರ್ನೆಟ್ ತಂತಿ ಕಿತ್ತು, ಹತ್ತು ನಿಮಿಷ ಕೆಲಸ ಮುಂದುವರಿಸಿ, ಮತ್ತೆ ಸಿಕ್ಕಿಸಿ, ಎಲ್ಲ ಬಿಲ್ಲುಗಳನ್ನೂ ಎಣಿಸುವುದು.
2. ಪ್ರಿಂಟರಿನ ಕಾಗದ ತೆಗೆದು ಆರ್ಡರ್ ಕಳಿಸುವುದು. ಯಾರಿಗೆ, ಎಷ್ಟು ಹೊತ್ತಿಗೆ ತಿಳಿಯುತ್ತದೆಂದು ನೋಡುವುದು.
3. ಇಬ್ಬರು ಒಂದೇ ಮೇಜನ್ನು ಒಂದೇ ಸಲ ತಿದ್ದುವುದು.
4. ಮುಖ್ಯ ಯಂತ್ರವನ್ನು ದಿಢೀರನೆ ಆರಿಸುವುದು, ಉಳಿದವು ನಡೆಯುತ್ತವೆಯೆ?
5. ಅಲರ್ಜಿಯ ಗುರುತು ಹಾಕಿ ಎಲ್ಲ ಸ್ಟೇಷನ್ನುಗಳ ಚೀಟಿಯನ್ನೂ ಓದುವುದು.
6. "ಕೇಸರಿಬಾತ್ ಮುಗಿಯಿತು" ಎಂದು ಒಂದು ಕಡೆ ಒತ್ತಿ, ಉಳಿದ ಟ್ಯಾಬ್ಲೆಟ್ ಮತ್ತು ಆನ್‌ಲೈನ್ ಮೆನುವಿನಲ್ಲಿ ಎಷ್ಟು ಹೊತ್ತಿಗೆ ಮಾಯವಾಗುತ್ತದೆಂದು ಅಳೆಯುವುದು.
7. ಎಂಟು ಜನರ ಬಿಲ್ಲನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ನಗದಾಗಿ, ಎರಡನ್ನು ಕಾರ್ಡಿನಲ್ಲಿ ಪಡೆದು, ಟಿಪ್ಸ್ ಯಾರ ಲೆಕ್ಕಕ್ಕೆ ಸೇರಿತೆಂದು ನೋಡುವುದು.
8. ಅಡುಗೆಮನೆಗೆ ಹೋದ ತಿಂಡಿಯೊಂದನ್ನು ರದ್ದು ಮಾಡಿ, ಯಾರು, ಯಾವಾಗ, ಯಾಕೆ ಎಂಬ ದಾಖಲೆ ಉಳಿಯಿತೇ ಎಂದು ಹುಡುಕುವುದು.

ಏಳನೆಯದು ಸಣ್ಣ ವಿಷಯವಲ್ಲ. 2018ರಲ್ಲಿ ತಿದ್ದುಪಡಿಯಾದ ಫೆಡರಲ್ ಕಾನೂನಿನ ಪ್ರಕಾರ ನೌಕರರ ಟಿಪ್ಸನ್ನು ಮಾಲೀಕರಾಗಲಿ ವ್ಯವಸ್ಥಾಪಕರಾಗಲಿ ಇಟ್ಟುಕೊಳ್ಳುವಂತಿಲ್ಲ, ಲೆಕ್ಕ ಸ್ಪಷ್ಟವಾಗಿರಲೇಬೇಕು. ಎಂಟನೆಯದು ರಿಟ್ಟಿಯ ಕಾಲದ ಪ್ರಶ್ನೆಯೇ. ಮಾರಾಟವನ್ನು ಗುರುತಿಲ್ಲದೆ ಅಳಿಸಲು ಬರುತ್ತದೆಂದು ಯಾರಾದರೂ ಮೆಲ್ಲಗೆ ಹೇಳಿದರೆ ಅಲ್ಲಿಂದ ಎದ್ದುಬನ್ನಿ. ಮಾರಾಟ ತೆರಿಗೆ ತಪ್ಪಿಸುವ ಅಂಥ ಸಾಧನಗಳನ್ನು ಇಟ್ಟುಕೊಳ್ಳುವುದೇ ಹಲವು ರಾಜ್ಯಗಳಲ್ಲಿ ಅಪರಾಧ.

ಅಂಕ ಕೊಡುವಾಗ ಸರಾಸರಿ ತೆಗೆಯಬೇಡಿ. ಬಣ್ಣಬಣ್ಣದ ವರದಿಗಳಿಗೆ ಹತ್ತಕ್ಕೆ ಹತ್ತು ಬಂದರೂ ಅದು ಆಫ್‌ಲೈನಿನ ಸೊನ್ನೆಯನ್ನು ತುಂಬಿಕೊಡುವುದಿಲ್ಲ. ಮೊದಲ ಐದು ಪರೀಕ್ಷೆಗಳಲ್ಲಿ ಪಾಸು ಅಥವಾ ಫೇಲು ಮಾತ್ರ. ಅವುಗಳಲ್ಲಿ ಪಾಸಾದವನ್ನಷ್ಟೇ ಬೆಲೆ ಮತ್ತು ಸೌಲಭ್ಯಗಳ ಮೇಲೆ ಹೋಲಿಸಿ. ನಮ್ಮ ಮೂರರಲ್ಲಿ ಕೊನೆಗೆ ಉಳಿದದ್ದು, ಡೆಮೋದಲ್ಲಿ ಎಲ್ಲರಿಗಿಂತ ಸಪ್ಪೆಯಾಗಿ ಕಂಡಿದ್ದ ತಂತ್ರಾಂಶ. ಅದು ಬಲ್ಲದ್ದು ಕಡಿಮೆ, ಆದರೆ ಬಲ್ಲದ್ದನ್ನು ತಂತಿ ಕಿತ್ತಾಗಲೂ ಮಾಡುತ್ತಿತ್ತು. ಆ ಕುಟುಂಬ ಅದನ್ನೇ ಆರಿಸಿಕೊಂಡಿತು, ಕರಾರನ್ನು ಮಾತ್ರ ಒಂದೊಂದು ವರ್ಷಕ್ಕೆ ಇಳಿಸಿಕೊಂಡಿತು.

ಯಾವ ತಂತ್ರಾಂಶ ಕೊಂಡರೂ ಕ್ಯಾಷ್ ಕೌಂಟರಿನ ಕೆಳಗೆ ಎರಡು ಪ್ರತಿಯ ಕಾಗದದ ಆರ್ಡರ್ ಪುಸ್ತಕ, ಅಚ್ಚಾದ ಬೆಲೆಪಟ್ಟಿ, ತೆರಿಗೆ ಕೂಡಿಸಲು ಒಂದು ಕ್ಯಾಲ್ಕುಲೇಟರ್ ಇಟ್ಟಿರಿ. ತಿಂಗಳಿಗೊಮ್ಮೆ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಅರ್ಧ ಗಂಟೆ ಅದರಲ್ಲೇ ಕೆಲಸ ನಡೆಸಿ. ಹೊಸದಾಗಿ ಸೇರಿದ ಹುಡುಗನಿಗೂ ಆಗ ಅಭ್ಯಾಸವಾಗುತ್ತದೆ.